ತಡೆದಿಟ್ಟ ಮೇಲ್

ಕಲ್ಲುಕ್ವಾರಿಯ ಆಫೀಸಿನಲ್ಲಿ ಕಬ್ಬಿಣದ ರಾಡು ಮತ್ತೊಮ್ಮೆ ಬಿದ್ದು ಮಾಸ್ತರರ ಬಲಗೈ ಮುರಿಯಿತು. ಹೊಡೆದವನು ಆಳು ಹುಲಗಪ್ಪ, ಹೊಡೆಸಿದವನು ಕ್ವಾರಿಯ ಸಾಹುಕಾರ.

“ಕ್ವಾರಿ ಸ್ಫೋಟಕ್ಕ ಸಾಲಿ ಗ್ವಾಡಿ ಬಿರುಕು ಬಿಟ್ಟೈತಿ ಅಂತ ನನ್ನ ಮ್ಯಾಲೆ ಅರ್ಜಿ ಕೊಡ್ತಿ. ಅರ್ಜಿ ವಾಪಸ್ ತಗೊಂಡೇನಂತ ಕಾಗದ ಬರದು ಮೇಲ್ ಮಾಡು ಅಂದ್ರ ಮೂರು ದಿನ ಆಟ ಆಡಸ್ತಿಯೇನಲೇ?” ಸಾಹುಕಾರ ಗುಡುಗಿದ.

“ಮೊನ್ನೇನ ಕಳಿಸೇನ್ರಿ. ಬ್ಯಾರೆ ಯಾರದರ ಮೇಲ್ ಬಂದಾವೇನ್ರಿ? ನಿಮ್ಮ ಕಂಪ್ಯೂಟರಿನ ಹೊಸಾ ಆ್ಯಂಟಿವೈರಸ್ ಯಾವ ಮೇಲ್‌ನೂ ಒಳಗ ಬಿಡವಲ್ದು. ಬಂದ್ ಮಾಡಿದ್ರ ಕಾಣತೈತಿ.”

“ಮಾಡು. ಬರಲಿಲ್ಲಂದ್ರ ಇನ್ನೊಂದು ಕೈನೂ ಹೋಗತೈತಿ.”

ಮಾಸ್ತರರು ರಕ್ತ ಮೆತ್ತಿದ ಎಡಗೈಯಲ್ಲೇ ಮೌಸ್ ಹಿಡಿದು ಆ್ಯಂಟಿವೈರಸ್ ಬಂದ್ ಮಾಡಿದರು. ತಡೆದು ನಿಂತಿದ್ದ ಮೇಲ್‌ಗಳೆಲ್ಲ ಒಂದರ ಹಿಂದೊಂದು ಇಳಿದವು. ಮಾಸ್ತರರದ್ದೂ ಇತ್ತು. ಅದರ ಮೇಲೆ ಸಾಹುಕಾರನ ವಕೀಲರದೊಂದಿತ್ತು.

ಹುಲಗಪ್ಪನಿಗೆ ಓದು ಬಾರದು. ರುಜು ಹಾಕಲು ಕಲಿತ ತನ್ನ ಹೆಸರಿನ ಅಕ್ಷರಗಳಷ್ಟೇ ಗೊತ್ತು. ಅವು ವಕೀಲರ ಮೇಲ್‌ನಲ್ಲಿ ಕಂಡವು.

“ಇಲ್ಲಿ ನನ್ನ ಹೆಸರೈತಿ. ಏನ್ ಬರದಾರ? ಓದ್ರಿ ಮಾಸ್ತರ.”

“ಅದನ್ನ ಮುಚ್ಚಲೇ!” ಎಂದು ಸಾಹುಕಾರ ಕೈ ಚಾಚಿದ. ರಾಡು ಆ ಕೈಗೆ ಅಡ್ಡ ಬಂತು.

ಮಾಸ್ತರರು ಓದಿದರು: “ಸಾಹುಕಾರರೇ, ನೀವು ಹೇಳಿದಂತೆ ದೂರು ಸಿದ್ಧವಿದೆ. ಕುಡಿದ ಅಮಲಿನಲ್ಲಿ ಹುಲಗಪ್ಪನೇ ಮಾಸ್ತರರನ್ನು ಕೊಂದ ಎಂದು ಬರೆದಿದ್ದೇನೆ. ಸತ್ತ ಸಮಯಕ್ಕೆ ಜಾಗ ಬಿಟ್ಟಿದ್ದೇನೆ, ನೀವೇ ತುಂಬಿಕೊಳ್ಳಿ.”

ಹುಲಗಪ್ಪ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ ಸಾಹುಕಾರನ ಕಡೆ ತಿರುಗಿದ.

“ಈಗ ಟೈಮ್ ಎಷ್ಟಾತ್ರಿ ಮಾಸ್ತರ?”