ಮೀನಿನ ರಾಡಿ

“ಇಳಸಬೇ ಬುಟ್ಟಿ.”

ಪಂಪಣ್ಣ ಸಾಹುಕಾರ ತನ್ನ ಮನೆಯ ಗೇಟಿಗೆ ಅಡ್ಡ ನಿಂತಿದ್ದ. ಗ್ಯಾನಮ್ಮನ ತಲೆಯ ಮೇಲಿನ ಬುಟ್ಟಿಯಿಂದ ಕರಿ ನೀರು ಸೋರಿ ಅವಳ ಕಿವಿಯ ಹಿಂದಿನಿಂದ ಇಳಿಯುತ್ತಿತ್ತು.

“ಸರೀರಿ ಸಾವ್ಕಾರ್ರ, ರಾಡಿ ಐತಿ. ಧೋತ್ರಕ್ಕ ಸಿಡೀತೈತಿ.”

“ರಾಡಿ ಅಂತ ಗೊತ್ತೈತಿ. ಯಾರ ರಾಡಿ?”

“ನಿಮ್ಮ ಮೀನಿಂದ್ರಿ.”

“ಹಾಂ, ನನ್ನ ಮೀನಿಂದು. ಇಳಸು.”

ತುರ್ವಿಹಾಳಕ್ಕೆ ಕಾಲುವೆ ಬಂದು ಭತ್ತದ ರೊಕ್ಕ ಕೈಗೆ ಹತ್ತಿದ ಮೇಲೆ, ಪಂಪಣ್ಣನಿಗೆ ಇಂಜಿನಿಯರರ ಬಂಗಲೆಯಲ್ಲಿ ಕಂಡಂಥ ಮೀನಿನ ಹೊಂಡ ತನ್ನ ಮನೆಯ ಮುಂದೂ ಬೇಕೆನಿಸಿತ್ತು. ಕಟ್ಟಿಸಿದ. ಹೈದರಾಬಾದಿನಿಂದ ಕೆಂಪು ಮೀನು ತರಿಸಿದ. ಹೊಂಡದ ಪಕ್ಕಕ್ಕೆ ನೀರು ಸೋಸುವ ಸಿಮೆಂಟಿನ ತೊಟ್ಟಿ: ತಳದಲ್ಲಿ ಸಣ್ಣ ಕಲ್ಲು, ಅದರ ಮೇಲೆ ಇದ್ದಿಲು, ಮೇಲೆ ಮರಳು. ಮೋಟರು ಹೊಂಡದ ನೀರನ್ನು ತೊಟ್ಟಿಗೆ ಎತ್ತುತ್ತಿತ್ತು, ಸೋಸಿದ ನೀರು ತಿರುಗಿ ಹೊಂಡಕ್ಕೆ ಬೀಳುತ್ತಿತ್ತು. ಲಿಂಗಸುಗೂರಿನ ಬೀಗರು ನೋಡಿ ಹೊಗಳಿದರು. ಮೀನು ಹೇಲುತ್ತವೆ ಎಂಬುದನ್ನು ಮಾತ್ರ ಯಾರೂ ಅವನಿಗೆ ಹೇಳಿರಲಿಲ್ಲ. ತಿಂಗಳೊಳಗೆ ತೊಟ್ಟಿ ರಾಡಿಯಿಂದ ಕಟ್ಟಿಕೊಂಡು, ನಾತಕ್ಕೆ ಪಡಸಾಲೆಯಲ್ಲಿ ಕೂತು ಉಣ್ಣುವುದೇ ಕಷ್ಟವಾಯಿತು. ಮನೆಯ ಆಳುಗಳು ಒಬ್ಬೊಬ್ಬರಾಗಿ ಜಾರಿಕೊಂಡರು. ಮೋಟರು ನೋಡಿಕೊಳ್ಳುವ ರಾಜೇಸಾಬ್, ತನ್ನದು ಮೋಟರಿನ ಕೆಲಸವಷ್ಟೇ ಎಂದ.

ಆಗ ಕೇರಿಯ ಗ್ಯಾನಮ್ಮ ತಾನು ತೊಳೆಯುತ್ತೇನೆಂದು ಬಂದಿದ್ದಳು. ಕೂಲಿ ಬೇಡ, ರಾಡಿ ಒಯ್ಯಲು ಬಿಟ್ಟರೆ ಸಾಕು ಎಂದಳು. “ನೋಡ್ರಿ ಇವ್ರನ್ನ, ಹೇಲಿಗೆ ದುಡ್ಯಾಕ ಬಂದಾರ” ಎಂದು ಪಂಪಣ್ಣ ಬೀಗರನ್ನೂ ನಗಿಸಿದ್ದ.

ಅಂದಿನಿಂದ ತೊಟ್ಟಿ ಅವಳದೇ. ಇಂದೂ ಮರಳು, ಇದ್ದಿಲು, ಕಲ್ಲು ಬೇರೆ ಬೇರೆ ತೆಗೆದು ತೊಳೆದಿದ್ದಳು. ತೊಟ್ಟಿಯೊಳಗೆ ಇಳಿದು ತಳವನ್ನು ಕೈಯಿಂದ ಬಳಿದು, ಎಲ್ಲವನ್ನೂ ಮತ್ತೆ ಮೊದಲಿನಂತೆ ಹಾಸಿದ್ದಳು. ಆ ರಾಡಿ ಉಂಡು ಅವಳ ಸೋರೆಬಳ್ಳಿ ಈ ವರ್ಷ ಗುಡಿಸಲನ್ನೇ ಮುಚ್ಚಿತ್ತು. ಕಾಯಿ ಮಾರಿ ಹೊಟ್ಟೆ ನಡೆಯುತ್ತಿದ್ದುದರಿಂದ ಅವಳು ಪಂಪಣ್ಣನ ಗದ್ದೆಗೆ ನಾಟಿ ಹಚ್ಚಲು ಹೋಗಿರಲಿಲ್ಲ. ನಿನ್ನೆ ಸಿಂಧನೂರು ಸಂತೆಯಲ್ಲಿ ಅವಳ ಕಾಯಿಗಳ ಸುತ್ತ ಜನ ಮುತ್ತಿದ್ದನ್ನು ಪಂಪಣ್ಣ ಕಣ್ಣಾರೆ ಕಂಡಿದ್ದ.

“ಸೋರಿಕಾಯಿ ಸಾವ್ಕಾರ್ತಿಗೆ ನಾಟಿ ಹಚ್ಚಾಕ ಸೊಂಟ ಬಗ್ಗವಲ್ದು,” ಎಂದ.

“ರಾಡಿ ನನ್ನ ಕೂಲಿ ಅಲ್ರೀ? ನೀವ ಒಪ್ಪಿದ್ರಿ.”

“ಹೇಲು ಅಂತ ಒಪ್ಪಿದ್ದೆ. ಗೊಬ್ಬರ ಅಂತ ಗೊತ್ತಿದ್ರ ಯಾವ ಹುಚ್ಚ ಬಿಡ್ತಾನ?”

ಮೋಟರಿನ ಬಳಿ ನಿಂತಿದ್ದ ರಾಜೇಸಾಬ್ ಕಿಸಕ್ಕನೆ ನಕ್ಕು, ಸಾಹುಕಾರನ ಮುಖ ನೋಡಿ ಕೆಮ್ಮಿದ.

“ಅಂಗಾದ್ರ ಇವತ್ತು ತೊಳದದ್ದಕ್ಕ ಕೂಲಿ ಕೊಡ್ರಿ.”

“ಕೂಲಿ ಬ್ಯಾಡ ಅಂದಾಕಿ ನೀನ. ಈಗ್ಯಾಕ ಬೇಡಾಕತ್ತಿ?”

ಗ್ಯಾನಮ್ಮ ಬುಟ್ಟಿ ಇಳಿಸಿದಳು. “ಈ ಸಲದ ಕಾಯಿ ಮುಗಿಯೋತನಕ ಆದ್ರೂ ಬಿಡ್ರಿ. ಬಳ್ಳಿ ತುಂಬ ಹೂವು ನಿಂತಾವ.”

“ಹೂವು ನನ್ನ ರಾಡಿ ಮ್ಯಾಲ ನಿಂತಾವ. ಸುರುವು.”

ಗೇಟಿನ ಪಕ್ಕದ ಗುಲಾಬಿ ಗಿಡದ ಬುಡಕ್ಕೆ ಸುರಿದಳು. ಪಂಪಣ್ಣ ಬಗ್ಗಿ ಬುಟ್ಟಿಯೊಳಗೆ ಇಣುಕಿದ.

“ಝಾಡಿಸು. ತಳಕ್ಕ ಅಂಟೇತಿ. ಒಂದು ಚೂರೂ ಗೇಟು ದಾಟಬಾರದು, ತಿಳೀತೇನು?”

“ತಿಳೀತ್ರಿ.”

ಬುಟ್ಟಿಯನ್ನು ಕಲ್ಲಿಗೆ ಬಡಿದು ಬಗಲಲ್ಲಿಟ್ಟುಕೊಂಡ ಗ್ಯಾನಮ್ಮ ಗೇಟಿನ ಕಡೆ ಹೋಗಲಿಲ್ಲ. ನೆಟ್ಟಗೆ ಪಡಸಾಲೆಯ ಮೆಟ್ಟಿಲು ಹತ್ತಿದಳು. ಅವಳ ಕೇರಿಯವರು ಯಾರೂ ಅದನ್ನು ಮೆಟ್ಟಿರಲಿಲ್ಲ. ಮೊಣಕೈತನಕ ಮೆತ್ತಿದ್ದ ರಾಡಿಯನ್ನು ಸುಣ್ಣದ ಗೋಡೆಗೆ ಒರೆಸಿದಳು. ಬಲಗೈ ಆದ ಮೇಲೆ ಎಡಗೈ. ಉಗುರು ಸಂದಿಯದನ್ನೂ ಕೆರೆದು ಹಚ್ಚಿದಳು. ಆಮೇಲೆ ಅಂಗಾಲುಗಳನ್ನು ಹೊಸ್ತಿಲಿಗೆ ತಿಕ್ಕಿದಳು, ಅವಸರವಿಲ್ಲದೆ.

“ಎಲ್ಲಾ ಇಲ್ಲೇ ಐತ್ರಿ, ನೋಡ್ಕೋರಿ. ನಾಳಿಂದ ನಾ ಮುಕ್ಕುಂದಕ್ಕ ಮಂದಿ ಗದ್ದಿ ನಾಟಿಗೆ ಹೋಗ್ತೀನಿ. ತೊಟ್ಟಿಗೆ ನೀವ ಇಳೀರಿ.”

ಪಂಪಣ್ಣ ಬೈಯಲು ಬಾಯಿ ತೆರೆಯುವಷ್ಟರಲ್ಲಿ ಅವಳು ಗೇಟು ದಾಟಿದ್ದಳು.

“ಲೇ ರಾಜೇಸಾಬ್, ಏನ್ ನೋಡ್ತೀಲೇ! ಗ್ವಾಡಿ ತೊಳಿ!”

ರಾಜೇಸಾಬ್ ಕೊಡ, ಕಸಬರಿಗೆ ತಂದ. ಗೋಡೆಯ ಮುಂದೆ ನಿಂತವನು ನೀರು ಹಾಕದೆ ತಿರುಗಿದ.

“ತೊಳದ ನೀರು ಯಾವ ಗಿಡಕ್ಕ ಬಿಡ್ಲಿ ಸಾವ್ಕಾರ್ರ?”