ಗುಡ್ಡ ತೋರಿಸುವ ಗೋಪುರ

"ಇನ್ನೂ ಮೇಲಕ್ಕೆ ಎಳೀರಪ್ಪಾ!" ಎಂದು ನಗರಸಭೆಯ ಯೋಜನಾಧಿಕಾರಿ ಕೂಗಿದಳು. ಕೆರೆ ದಂಡೆಯಲ್ಲಿ ಕಟ್ಟಲಿರುವ ವೀಕ್ಷಣಾ ಗೋಪುರ ಎಷ್ಟು ದೊಡ್ಡದೆಂದು ಜನರಿಗೆ ತಿಳಿಯಲಿ ಅಂತ ಕೆಲಸದವರು ಎರಡು ಕಂಬಗಳ ನಡುವೆ ಕೆಂಪು ಬಟ್ಟೆ ಏರಿಸುತ್ತಿದ್ದರು. ಆಚೆ ಗುಡ್ಡದ ಚೆಲುವು ಎಲ್ಲರಿಗೂ ದಕ್ಕಬೇಕೆಂದು ಹಟ ಹಿಡಿದು ನಕ್ಷೆ ಬರೆದವಳು ಅವಳೇ.

ಬಟ್ಟೆ ಕಂಬದ ತುದಿ ಮುಟ್ಟಿತು. ಗುಡ್ಡವೇ ಇಲ್ಲ! ಕೆಂಪು ಬಟ್ಟೆ ಅದನ್ನು ಪೂರ್ತಿ ಮರೆಮಾಡಿತ್ತು. ನಕ್ಷೆ ಬರೆಯುವಾಗ ಅವಳು ಗೋಪುರದ ಮೇಲಿಂದ ನೋಡಿದ್ದೇ ನೋಡಿದ್ದು. ಕೆಳಗೆ ನಿಂತವರ ಕಣ್ಣಿಂದ ಒಮ್ಮೆಯೂ ನೋಡಿರಲಿಲ್ಲ.

ದಿನಾ ಸಂಜೆ ಇಲ್ಲೇ ಕೂತು ಗುಡ್ಡ ನೋಡುತ್ತಿದ್ದ ಅವಳ ಅಕ್ಕ, ಗಾಲಿಕುರ್ಚಿಯಿಂದಲೇ ತಂಗಿಯ ತೋಳು ಜಗ್ಗಿದಳು. "ಗುಡ್ಡ ಎಲ್ಲಿ ಹೋಯ್ತೇ?"

"ಮೆಟ್ಟಿಲು ಹತ್ತಿದ್ರೆ ಚೆನ್ನಾಗಿ ಕಾಣುತ್ತೆ ಅಕ್ಕಾ," ಅಂದುಬಿಟ್ಟಳು. ಅಂದ ಮೇಲೆ ಅವಳ ಕಣ್ಣು ಅಕ್ಕನ ಕಾಲಿನ ಮೇಲೆ ಬಿತ್ತು.