ಚಾಪೆ ಎತ್ತುವವರೆಗೆ

ಬೆಳಗಾಗಿ ಲೂಪೆ ಮುದುಕಿ ಜಗಲಿಗೆ ಬಂದರೆ, ಅಂಗಳದಲ್ಲಿ ಮಗನ ಹಸಿ ಗೋರಿಯ ಪಕ್ಕ ಯಾರೋ ಚಾಪೆ ಹೊದ್ದು ಮುದುಡಿ ಕೂತಿದ್ದರು. ಮದುವೆಗೋ ಸಾವಿಗೋ ಬಿಟ್ಟರೆ ಪೆಟ್ಟಿಗೆಯಿಂದ ಹೊರಗೆ ತೆಗೆಯದಂಥ ನುಣ್ಣನೆಯ ಚಾಪೆ. ಮುಂದೆ ಒಂದು ಹೊರೆ ಸೌದೆ, ಒಲೆಗೆ ಹಾಕುವ ನಾಲ್ಕು ಕಲ್ಲು. ತಪ್ಪು ಮಾಡಿದವನ ಮನೆತನದ ಯಜಮಾನ ಹೀಗೆ ಬಂದು ಕೂರುವುದು ಈ ದ್ವೀಪದ ಕಟ್ಟಳೆ; ಬೇಕಾದರೆ ನನ್ನನ್ನೇ ಬೇಯಿಸಿಕೊಳ್ಳಿ ಎಂದು ಅದರ ಅರ್ಥ. ನೊಂದ ಮನೆಯವರು ಚಾಪೆ ಎತ್ತಿದರೆ ಕ್ಷಮೆ, ಎತ್ತದಿದ್ದರೆ ಮಚ್ಚು.

ಕಿರಿಮಗ ಪಾತಿ ಮಚ್ಚು ಹಿಡಿದೇ ಹೊರಗೆ ಬಂದ. "ಯಾರಿದು? ಆ ಡ್ರೈವರ್ ಸಿಯೋನೆಗೆ ಯಾರವ್ವ ದಿಕ್ಕು? ಬೇರೆ ದ್ವೀಪದವನು. ಅವನ ಪರವಾಗಿ ತಲೆ ಬಗ್ಗಿಸೋಕೆ ಒಬ್ಬ ಯಜಮಾನನೂ ಇಲ್ಲ ಇಲ್ಲಿ."

ಅದೂ ನಿಜವೇ. ಮೊನ್ನೆ ಸರ್ಕಾರದ ನೀರಿನ ಲಾರಿ ಇಳಿಜಾರಿನಲ್ಲಿ ಹಿರಿಮಗ ಅಲೇಕಿಯ ಮೇಲೆ ಹರಿದಾಗಿನಿಂದ ಸಿಯೋನೆ ಎಲ್ಲಿ ಅಡಗಿದ್ದನೋ ಯಾರಿಗೂ ತಿಳಿಯದು. ಅಷ್ಟರಲ್ಲಿ ಗಾಳಿಗೆ ಚಾಪೆಯ ಅಂಚು ಸರಿಯಿತು. ಬರಿಗಾಲು, ಪಾದದ ಮೇಲೆ ಉದ್ದನೆಯ ಹಳೇ ಗಾಯದ ಗುರುತು. ಚಂಡಮಾರುತದ ವರ್ಷ ಹರಿದ ತಗಡು ಕೊಯ್ದರೂ ಬಿಡದೆ ಮನೆಮನೆಗೆ ಅಕ್ಕಿ ಮೂಟೆ ಹೊತ್ತಿದ್ದ ಶಾಲೆ ಮೇಷ್ಟ್ರ ಕಾಲು ಅದು. ಆ ವಾಯೆಲುವಾ ಮೇಷ್ಟ್ರೇ ಈಗ ಈ ದ್ವೀಪಗಳಿಗೆಲ್ಲ ಗವರ್ನರು. ಗುಡ್ಡದ ಮೇಲಿನ ಮನೆಗಳಿಗೆ ಲಾರಿಯಲ್ಲಿ ನೀರು ಕಳಿಸುವ ಏರ್ಪಾಡು ಮಾಡಿದ್ದೂ ಅವರೇ.

"ವಾಯೆಲುವಾ!" ಎಂದಳು ಮುದುಕಿ.

"ಬರದೆ ಏನು ಮಾಡ್ತಾರೆ?" ಪಾತಿ ಹಲ್ಲು ಕಡಿದ. "ಮುಂದಿನ ತಿಂಗಳು ಓಟಲ್ವಾ!"

ಲೂಪೆ ರಸ್ತೆ ನೋಡಿದಳು. ಬಾವುಟದ ಕಾರಿಲ್ಲ, ಫೋಟೊ ತೆಗೆಯುವವರಿಲ್ಲ, ಪೊಲೀಸರಿಲ್ಲ. ಎರಡು ಕೋಳಿ ಕೆದಕುತ್ತಿದ್ದವು, ಅಷ್ಟೇ. ಆದರೂ ಅವಳು ಚಾಪೆ ಮುಟ್ಟಲಿಲ್ಲ. ಈ ಸಲದ ಓಟಿನಲ್ಲಿ ಗವರ್ನರಿಗೆ ಎದುರು ನಿಂತವನು ಅವಳ ಸ್ವಂತ ತಮ್ಮನ ಮಗ. ಹೋದ ಭಾನುವಾರ ಇಗರ್ಜಿಯ ಮುಂದೆ ನಿಂತು ಇದೇ ವಾಯೆಲುವಾನನ್ನು ಬಾಯಿಗೆ ಬಂದಂತೆ ಬೈದಿದ್ದಳು. ಈಗ ಹೆತ್ತ ಹೊಟ್ಟೆ ಬೇರೆ ಉರಿಯುತ್ತಿತ್ತು. ಕೂತಿರಲಿ ಎಂದು ಬಿಟ್ಟಳು. ಬಿಸಿಲೇರಿತು. ಬೇಲಿಯಾಚೆ ಊರೇ ನೆರೆಯಿತು. ಚಾಪೆ ಅಲುಗಲಿಲ್ಲ. ಕೊನೆಗೆ ಅವಳೇ ಹೋಗಿ ಎದುರಿಗೆ ಕುಕ್ಕರಿಸಿದಳು.

"ಲಾರಿ ನೀನು ಓಡಿಸಿದ್ಯಾ?"

"ಇಲ್ಲ ತಾಯಿ."

"ಮತ್ಯಾಕೆ ಬಂದೆ? ಕ್ಷಮಿಸಿ ಅಂತ ಒಂದು ಕಾಗದ ಬರೆಸಿ ಕಳಿಸೋಕೆ ನಿನ್ನ ಆಫೀಸಲ್ಲಿ ಯಾರೂ ಇರ್ಲಿಲ್ವಾ?"

"ಬ್ರೇಕು ಸರಿಯಿಲ್ಲ ಅಂತ ಸಿಯೋನೆ ನನ್ನ ಹತ್ರಾನೇ ಬಂದು ಹೇಳಿದ್ದ ತಾಯಿ. ಮೇಲಿನ ಮನೆಗಳಲ್ಲಿ ಕುಡಿಯೋಕೆ ನೀರಿಲ್ಲ, ಮಳೆ ಬರೋವರೆಗೆ ಹೇಗಾದ್ರೂ ಓಡಿಸು ಅಂದೋನು ನಾನು."

ಬೇಲಿಯಾಚೆ ಜನ ಗುಜುಗುಜು ಎಂದರು. ಯಾರಿಗೂ ಗೊತ್ತಿಲ್ಲದ, ಗೊತ್ತಾಗಬೇಕಿಲ್ಲದ ಮಾತು. ಓಟಿಗೆ ಬಂದವರು ಆಡುವ ಮಾತಂತೂ ಅಲ್ಲ.

"ಕೇಳಿದ್ಯಾ ಅವ್ವಾ!" ಪಾತಿ ಮಚ್ಚೆತ್ತಿ ನುಗ್ಗಿದ. ಚಾಪೆಯೊಳಗೆ ಯಾರೋ ಬಿಕ್ಕಿದರು. ಗವರ್ನರ ದನಿಯಲ್ಲ ಅದು. ಲೂಪೆ ಗಬಕ್ಕನೆ ಚಾಪೆ ಎತ್ತಿದಳು; ಪಾತಿ ಅಲ್ಲೇ ತಡೆದು ನಿಂತ. ವಾಯೆಲುವಾ ನೆಲಕ್ಕೆ ಬಗ್ಗಿದ್ದರು, ನರೆತ ಕತ್ತು ಬರಿದಾಗಿತ್ತು. ಅವರ ಎದೆಯಡಿ, ಕೋಳಿಯ ರೆಕ್ಕೆಯೊಳಗಿನ ಮರಿಯ ಹಾಗೆ, ಸಿಯೋನೆ ಗಡಗಡ ನಡುಗುತ್ತಿದ್ದ.

"ಇಬ್ಬರೂ ಯಾಕೋ?" ಎಂದಳು ಮುದುಕಿ.

"ಇವನಿಗೆ ಇಲ್ಲಿ ಯಾರೂ ಇಲ್ಲ ತಾಯಿ. ನಾನೇ ಇವನ ಯಜಮಾನ. ಮಚ್ಚು ಬಿದ್ರೆ ಮೊದಲು ನನಗೆ ಬೀಳಲಿ."

ಮಗನನ್ನು ಮಣ್ಣು ಮಾಡುವಾಗಲೂ ಅಳದ ಲೂಪೆ ಈಗ ಚಾಪೆಯನ್ನು ಮುಖಕ್ಕೊತ್ತಿಕೊಂಡು ಗೋಳೋ ಎಂದು ಅತ್ತಳು. ಅತ್ತು ಮುಗಿದ ಮೇಲೆ ಮೂಗೊರೆಸಿಕೊಂಡಳು.

"ಪಾತಿ, ಮರದ ಹಾಗೆ ನಿಂತ್ಕೋಬೇಡ. ಆ ಸೌದೆ ಸೀಳಿ ಒಲೆ ಹಚ್ಚು. ದೀವಿ ಹಲಸು ಸುಡು."

"ಯಾರಿಗವ್ವಾ?"

"ಬೆಳಗಿಂದ ಹೊಟ್ಟೆಗಿಲ್ಲದೆ ಕೂತಿದಾರಲ್ಲ, ಇವರಿಗೆ." ಆಮೇಲೆ ಗವರ್ನರ ಕಡೆ ತಿರುಗಿದಳು. "ಊಟ ಮಾಡ್ಕೊಂಡು ಹೋಗು. ಓಟು ಮಾತ್ರ ನನ್ನ ತಮ್ಮನ ಮಗನಿಗೇ."

"ಅದು ಗೊತ್ತಿರೋದೇ ತಾಯಿ."

ಪಾತಿ ಕದಲಲಿಲ್ಲ. ಮಚ್ಚು ಇನ್ನೂ ಕೈಯಲ್ಲೇ ಇತ್ತು. ಗವರ್ನರು ಮೊಣಕಾಲೂರಿ ಹೊರೆಯಿಂದ ಒಂದು ಕೊರಡು ಎಳೆದು ಅವನ ಮುಂದೆ ನಿಲ್ಲಿಸಿದರು. ಪಾತಿ ಮಚ್ಚೆತ್ತಿದ. ಕೊರಡು ಅಲುಗದಂತೆ ವಾಯೆಲುವಾ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಇದ್ದರು.